ಬುದ್ಧಿ ಬರೋದು ಅಂದ್ರೆ



ಇದು ಉದ್ದದ ಪೋಸ್ಟು, ಬಿಡುವಿದ್ದಾಗ ಓದಿ. ಮೂರು ತಿಂಗಳಿಂದ ಬರೀಬೇಕು ಅಂದ್ಕೊಳ್ತಾನೇ ಇದ್ದೆ, ನಾಚಿಕೆಯಿಂದ ಕೈ ಓಡ್ತಿರಲಿಲ್ಲ. ಯಾಕಂದ್ರೆ ಇದರಲ್ಲಿ ತಪ್ಪು ಮಾಡಿದವರ ಪಟ್ಟಿಯಲ್ಲಿ ನಾನೂ ಇದ್ದೀನಿ.

ಮೈಸೂರಲ್ಲಿ ನಾವು ಬಾಡಿಗೆಗಿದ್ದ ಮನೆ ಕೆಳಗಡೆ, ಓನರ್ ಮೇಲುಗಡೆ. ಆವತ್ತು ಭಾನುವಾರ, ಮನೇಲಿ ಬಾಡೆಸರು. ಮಗಳಿಗೆ ಐದೂವರೆ ವರ್ಷ, ಯುಕೆಜಿ. ಹೊರಗೆ ಮೆಟ್ಟಿಲ ಮೇಲೆ ಆಡ್ಕೊಂಡಿದ್ದಳು. ಓನರ್ ಆಂಟಿ ಗಿಡಕ್ಕೆ ನೀರು ಹಾಕೋಕೆ ಇಳಿದು ಬಂದವರು ಕೇಳಿದ್ರು:

"ಏನ್ ಪುಟ್ಟೀ, ಇವತ್ತು ಅಮ್ಮ ಏನ್ ಸ್ಪೆಷಲ್ ಮಾಡಿದ್ದಾರೆ?"

"ವೆಜಿಟೆಬಲ್ ಸಾಗು ಆಂಟಿ."

"ಹೌದಾ? ಚಕ್ಕೆ ಲವಂಗದ ಘಮ ಜೋರಾಗಿ ಬಂತಲ್ಲ ಮೇಲಕ್ಕೆ?"

"ಅಪ್ಪಂಗೆ ಮಸಾಲೆ ಜಾಸ್ತಿ ಇರಬೇಕು ಆಂಟಿ. ಅದಕ್ಕೆ."

ನಾನು ಬಾಗಿಲ ಹಿಂದೆ ಸೌಟು ಹಿಡ್ಕೊಂಡು ನಿಂತಿದ್ದೆ. ಮಗಳು ಒಳಗೆ ಬಂದಳು, ಕೈ ತೊಳೆದಳು, ತಟ್ಟೆ ಮುಂದೆ ಕೂತಳು, "ಅಮ್ಮಾ, ನಂಗೆ ಮೂಳೆ ಹಾಕು" ಅಂದಳು. ಏನೂ ಆಗೇ ಇಲ್ಲ ಅನ್ನೋ ಹಾಗೆ.

ಇಂಥ ಸುಳ್ಳು ಹೇಳು ಅಂತ ನಾನಾಗಲಿ ಅವಳಪ್ಪ ಆಗಲಿ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಆಂಟಿಯ ತಲೆಯೊಳಗೆ ಏನಿದೆ, ನಿಜ ಗೊತ್ತಾದ್ರೆ ಆ ತಲೆಯೊಳಗೆ ಏನು ಬರುತ್ತೆ, ಅದು ಬರದ ಹಾಗೆ ಏನು ಹೇಳಬೇಕು, ಮತ್ತೆ ಕೇಳಿದ್ರೆ ಹೇಗೆ ನಿಭಾಯಿಸಬೇಕು, ಇಷ್ಟನ್ನೂ ಆ ಮಗು ಒಂದು ಉಸಿರಲ್ಲಿ ಲೆಕ್ಕ ಹಾಕಿತ್ತು.

ಮಕ್ಕಳ ಮನಸ್ಸನ್ನ ಓದಿದವರು ಇದಕ್ಕೆ ಶಭಾಷ್ ಅಂತಾರೆ. ವಿಕ್ಟೋರಿಯಾ ತಲ್ವಾರ್, ಕ್ಯಾಂಗ್ ಲೀ ಅಂತ ಇಬ್ಬರು ಮಕ್ಕಳ ಸುಳ್ಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅವರು ಕಂಡಿದ್ದು ಇದು: ಮೂರು ವರ್ಷದ ಮಗು ಸುಳ್ಳು ಹೇಳಿದ್ರೂ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತೆ. ಹೇಳಿದ ಸುಳ್ಳನ್ನ ಮುಂದಿನ ಮಾತಲ್ಲೂ ಕಾಪಾಡಿಕೊಳ್ಳೋದು ಆಮೇಲೆ ಬರೋ ವಿದ್ಯೆ. ಎದುರಿಗಿರೋರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ತಿಳಿಯೋ ಶಕ್ತಿ ಬೆಳೆದಷ್ಟೂ ಸುಳ್ಳಿನ ಕೈ ಪಳಗುತ್ತೆ. ಆ ಲೆಕ್ಕದಲ್ಲಿ ನನ್ನ ಮಗಳು ಜಾಣೆ. ನಾನು ಮಾತ್ರ ಆವತ್ತು ಊಟ ಮಾಡಲಿಲ್ಲ.

ಇದೆಲ್ಲ ನನಗೆ ಗೊತ್ತಾಗಿದ್ದು ಹೇಗೆ ಅಂತ ಹೇಳ್ತೀನಿ. ನಮ್ಮ ಹಟ್ಟಿಯಲ್ಲಿ ವಾರಕ್ಕೊಂದು ಸಂಜೆ ಮಕ್ಕಳನ್ನ ಕೂರಿಸಿಕೊಂಡು ಪಾಠ, ಹಾಡು, ಆಟ ಅಂತ ಮಾಡ್ತೀವಿ. ಆ ನೆಪದಲ್ಲಿ ಹೋದ ವರ್ಷ ಅಂಗನವಾಡಿ ಕಾರ್ಯಕರ್ತೆಯರ ಜೊತೆ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ಒಂದು ಗೊಂಬೆಯಾಟ ತೋರಿಸಿದ್ರು.

ಎರಡು ಗೊಂಬೆ, ಸ್ಯಾಲಿ ಮತ್ತು ಆನ್. ಸ್ಯಾಲಿ ಹತ್ರ ಬುಟ್ಟಿ, ಆನ್ ಹತ್ರ ಪೆಟ್ಟಿಗೆ. ಸ್ಯಾಲಿ ತನ್ನ ಗೋಲಿಯನ್ನ ಬುಟ್ಟಿಯಲ್ಲಿಟ್ಟು ಹೊರಗೆ ಹೋಗ್ತಾಳೆ. ಅವಳಿಲ್ಲದಾಗ ಆನ್ ಗೋಲಿಯನ್ನ ತೆಗೆದು ಪೆಟ್ಟಿಗೆಗೆ ಹಾಕ್ತಾಳೆ. ಸ್ಯಾಲಿ ವಾಪಸ್ ಬಂದಳು. ಈಗ ಅವಳು ಗೋಲಿಯನ್ನ ಎಲ್ಲಿ ಹುಡುಕ್ತಾಳೆ?

ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಪೆಟ್ಟಿಗೆ ತೋರಿಸ್ತಾರೆ. ತಮಗೆ ಗೊತ್ತಿರೋದು ಎಲ್ಲರಿಗೂ ಗೊತ್ತು ಅನ್ನೋ ವಯಸ್ಸು ಅದು. ನಾಲ್ಕು ದಾಟಿ ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು ಬುಟ್ಟಿ ಅಂತಾರೆ. ಸ್ಯಾಲಿ ನೋಡಿಲ್ಲ, ಹಾಗಾಗಿ ಅವಳ ತಲೆಯಲ್ಲಿ ಇರೋದು ಬೇರೆ, ನಿಜ ಇರೋದು ಬೇರೆ ಅಂತ ತಿಳ್ಕೊಳ್ತಾರೆ. ಈ ಬಗೆಯ ಪರೀಕ್ಷೆಯನ್ನ 1983ರಲ್ಲಿ ಮೊದಲು ಮಾಡಿದ್ದು ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್. ಅವರ ಕತೆಯಲ್ಲಿ ಇದ್ದದ್ದು ಮ್ಯಾಕ್ಸಿ ಅನ್ನೋ ಹುಡುಗ ಮತ್ತು ಅವನ ಚಾಕಲೇಟು. ಸ್ಯಾಲಿ, ಆನ್ ಗೊಂಬೆಗಳನ್ನ ತಂದವರು ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ, ಉಟಾ ಫ್ರಿತ್, 1985ರಲ್ಲಿ.

ತರಬೇತಿ ಕೊಡ್ತಿದ್ದ ಮೇಡಂ ಕೊನೆಯಲ್ಲಿ ಒಂದು ಮಾತು ಸೇರಿಸಿದ್ರು. "ಹಿಂದುಳಿದ ವಾತಾವರಣದಿಂದ ಬರೋ ಮಕ್ಕಳಿಗೆ ಇದೆಲ್ಲ ಸ್ವಲ್ಪ ಲೇಟು, ನೀವು ತಾಳ್ಮೆಯಿಂದ ಇರಬೇಕು." ಒಳ್ಳೆ ಮನಸ್ಸಿಂದಲೇ ಹೇಳಿದ್ರು. ನಾನು ಜಗಳ ಆಡಲಿಲ್ಲ. ಎರಡು ಗೊಂಬೆ, ಒಂದು ಕುಕ್ಕೆ, ಒಂದು ಚಪ್ಪಲಿ ಡಬ್ಬ, ಒಂದು ಗೋಲಿ ಜೋಡಿಸಿಕೊಂಡು ಹಟ್ಟಿಗೆ ಹೋದೆ.

ಒಂಬತ್ತು ಮಕ್ಕಳು ಕೂತಿದ್ರು. ಗೊಂಬೆಗಳಿಗೆ ಅವರೇ ಅಕ್ಕ, ತಂಗಿ ಅಂತ ಹೆಸರಿಟ್ರು. ಅಕ್ಕ ಗೋಲಿ ಇಟ್ಟು ನೀರಿಗೆ ಹೋದಳು, ತಂಗಿ ಗೋಲಿ ಎತ್ತಿ ಡಬ್ಬಕ್ಕೆ ಹಾಕಿದಳು. ಮಕ್ಕಳಿಗೆ ನಗುವೋ ನಗು. ಸೊಂಟದ ಮೇಲೆ ಕೂತಿದ್ದ ಮೂರು ವರ್ಷದ್ದೊಂದು ಡಬ್ಬ ತೋರಿಸ್ತು. ದೊಡ್ಡವೆಲ್ಲ "ಲೇ, ಅವಳು ನೋಡಿಲ್ವಲ್ಲ ಲೇ!" ಅಂತ ಅದರ ತಲೆಗೆ ಮೊಟಕಿದವು. ನಾಲ್ಕು, ಐದು ವರ್ಷದವೆಲ್ಲ ಕುಕ್ಕೆ ಅಂದವು. ಯಾರಿಗೂ ಏನೂ ಲೇಟಾಗಿರಲಿಲ್ಲ.

ಆಗೋದೂ ಇಲ್ಲ. ಆಫ್ರಿಕಾದ ಕ್ಯಾಮರೂನ್ ಕಾಡಿನಲ್ಲಿ ಬಾಕಾ ಅನ್ನೋ ಬುಡಕಟ್ಟಿದೆ. 1991ರಲ್ಲಿ ಜೆರೆಮಿ ಏವಿಸ್, ಪಾಲ್ ಹ್ಯಾರಿಸ್ ಅಲ್ಲಿನ ಮಕ್ಕಳ ಬಗ್ಗೆ ಬರೆದ್ರು. ಗೊಂಬೆ ಪೆಟ್ಟಿಗೆ ಬಿಟ್ಟು ಅವರ ಮನೆಯ ಆಟವನ್ನೇ ಆಡಿಸಿದ್ರು. ದೊಡ್ಡವರೊಬ್ಬರು ಕಾಡುಮಾವಿನ ಬೀಜದ ತಿರುಳು ಬೇಯಿಸಿಟ್ಟು ಹೊರಗೆ ಹೋಗ್ತಾರೆ, ಅದನ್ನ ಬಟ್ಟಲಿಂದ ತೆಗೆದು ಮಗು ಬೇರೆ ಕಡೆ ಬಚ್ಚಿಡುತ್ತೆ. ವಾಪಸ್ ಬಂದೋರು ಎಲ್ಲಿ ಹುಡುಕ್ತಾರೆ? ಐದರ ಆಸುಪಾಸಿನ ಮಕ್ಕಳು ಸರಿಯಾಗೇ ಹೇಳಿದ್ರು. 2005ರಲ್ಲಿ ಕೆನಡಾ, ಭಾರತ, ಪೆರು, ಸಮೋವಾ, ಥಾಯ್ಲೆಂಡ್ ಮಕ್ಕಳನ್ನ ಒಟ್ಟಿಗೆ ನೋಡಿದಾಗಲೂ ಹೆಚ್ಚುಕಡಿಮೆ ಅದೇ ವಯಸ್ಸು. ಅಣ್ಣ ತಮ್ಮ ಅಕ್ಕ ತಂಗಿ ಇರೋ ಮನೇಲಿ ಇನ್ನೂ ಬೇಗ ಬರುತ್ತೆ ಅಂತ ಪರ್ನರ್ ಮತ್ತು ಜೊತೆಗಾರರು 1994ರಲ್ಲಿ ತೋರಿಸಿದ್ರು. ಕಿತ್ತಾಡ್ತಾ, ಕೂಡಿ ಆಡ್ತಾ, ಒಬ್ಬರಿಗೊಬ್ಬರು ಬಚ್ಚಿಡ್ತಾ ಕಲಿಯೋ ಪಾಠ ಅದು. ಹಟ್ಟಿಯಲ್ಲಿ ಅದಕ್ಕೇನು ಬರ?

ಆದ್ರೆ ಆವತ್ತು ಹಟ್ಟಿಯಲ್ಲಿ ಇನ್ನೊಂದು ಮಾತು ಬಂತು. ಐದು ವರ್ಷದ ಒಬ್ಬ ಹುಡುಗ "ಕುಕ್ಕೇಲಿ ಹುಡುಕ್ತಾಳೆ" ಅಂದವನು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಸಿಕ್ಕಲ್ಲ. ಆಮೇಲೆ ನಾನೇ ಕದ್ದೆ ಅಂತಾಳೆ."

"ನೀನ್ಯಾಕೋ ಮಗ? ಎತ್ತಿದ್ದು ತಂಗಿ ಅಲ್ವಾ?"

"ತಂಗಿ ಹೊಂಟೋದ್ಲು. ನಾನು ಇಲ್ಲೇ ಇದ್ದೀನಲ್ಲ."

ಇದಕ್ಕೆ ಆ ಪರೀಕ್ಷೆಯಲ್ಲಿ ಮಾರ್ಕ್ಸ್ ಇಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಯ್ತು. ಒಂದು ತಿಂಗಳ ಹಿಂದೆ ಊರೊಳಗಿನ ಅಂಗಡಿ ಮುಂದೆ ಯಾರದೋ ಹುಡುಗನ ಬ್ಯಾಟ್ ಕಾಣೆಯಾಗಿತ್ತಂತೆ. ಇವನು ಅಲ್ಲಿ ನಿಂತಿದ್ದ, ಅಷ್ಟೇ. ಬ್ಯಾಟು ಅದೇ ಹುಡುಗನ ಮನೆಯ ಮಂಚದ ಕೆಳಗೇ ಸಿಕ್ಕಿತು. ಇವನ ಬೆನ್ನ ಮೇಲೆ ಬಿದ್ದಿದ್ದ ಏಟನ್ನ ಯಾರೂ ವಾಪಸ್ ತಗೊಳ್ಳಲಿಲ್ಲ.

ಬೇರೆ ಮಕ್ಕಳು "ಅವಳ ತಲೇಲಿ ಏನಿದೆ" ಅಂತ ತಿಳಿಯೋಕೆ ಕಲೀತಾರೆ. ನಮ್ಮ ಮಕ್ಕಳು ಅದರ ಜೊತೆಗೇ "ಅವಳ ತಲೇಲಿ ನಾನು ಏನಾಗಿದ್ದೀನಿ" ಅಂತಲೂ ತಿಳೀಬೇಕಾಗುತ್ತೆ.

ನನಗೆ ಈ ವಿದ್ಯೆ ಬಂದಿದ್ದು ನಮ್ಮವ್ವನಿಂದ. ಚಾಮರಾಜನಗರದ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ನಮ್ಮ ಕಡೆ ಹಟ್ಟಿಯವರು ಜಮೀನಿನ ಯಜಮಾನರನ್ನ ಕರೀತಿದ್ದದ್ದು 'ಬುದ್ಧಿ' ಅಂತ. "ಬುದ್ದೀ, ಕೂಲಿ ಬುದ್ದೀ." "ಬುದ್ದೀ, ಮಗೀಗೆ ಜ್ವರ ಬುದ್ದೀ." ಅವ್ವನ ಸೆರಗು ಹಿಡ್ಕೊಂಡು ಅವರ ಹಿತ್ತಿಲಲ್ಲಿ ನಿಲ್ಲುತ್ತಿದ್ದ ನಾನು, ಅದು ಆ ಮನುಷ್ಯನ ಹೆಸರು ಅಂದ್ಕೊಂಡಿದ್ದೆ. ಶಾಲೆಗೆ ಸೇರಿದ ಮೇಲೆ ಮೇಷ್ಟ್ರು ಒಂದಿನ "ನಿಮಗೆಲ್ಲ ಬುದ್ಧಿ ಇದೆಯೇನ್ರೋ?" ಅಂತ ಬೈದ್ರು. ನಾನು ಎದ್ದು ನಿಂತು "ನಮ್ಗೂ ಅದೆ ಸಾ, ತೋಟದ ಮನೇಲಿ ಅವ್ರೆ" ಅಂದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅವರೂ ನಮ್ಮವರೇ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷ ಆದ ಮೇಲೆ.

ಅವ್ವನಿಗೆ ಆ ಬುದ್ಧಿಯವರ ಮನಸ್ಸು ಅಂಗೈ ಮೇಲಿನ ಗೆರೆ. ಒಳಗಿಂದ ಬರೋ ಕೆಮ್ಮಿನ ಮೇಲೆ ಇವತ್ತು ಕೂಲಿ ಸಿಗುತ್ತೋ ನಾಳೆ ಬಾ ಅಂತಾರೋ ಹೇಳ್ತಿದ್ದಳು. ಚಪ್ಪಲಿ ಸದ್ದಿನ ಮೇಲೆ ಕುಡಿದಿದ್ದಾರೋ ಇಲ್ಲವೋ ಹೇಳ್ತಿದ್ದಳು. ಅವರ ಸೊಸೆಗೆ ಯಾವತ್ತು ಅತ್ತೆ ಮೇಲೆ ಸಿಟ್ಟು ಬಂದಿದೆ, ಆವತ್ತು ಹಿತ್ತಿಲಲ್ಲಿ ಒಂದು ಮಾತು ಕೇಳಿಸಿಕೊಂಡ್ರೆ ಒಂದು ಸೇರು ರಾಗಿ ಜಾಸ್ತಿ ಸಿಗುತ್ತೆ, ಅದೂ ಗೊತ್ತಿತ್ತು. "ಹೆಂಗವ್ವಾ ಗೊತ್ತಾಯ್ತದೆ?" ಅಂತ ಕೇಳಿದ್ರೆ "ಗೊತ್ತು ಮಾಡ್ಕಳ್ದೆ ಇದ್ರೆ ನಿಮ್ಮೊಟ್ಟೆ ತುಂಬ್ತದಾ ಮಗ?" ಅನ್ನೋಳು.

ಇಪ್ಪತ್ತೆರಡು ವರ್ಷ ಆ ಮನೆಯ ಕೆಲಸ ಮಾಡಿದಳು. ಅವರಿಗೆ ಅವ್ವನ ಹೆಸರು ಗೊತ್ತಿರಲಿಲ್ಲ. ಎಷ್ಟು ಮಕ್ಕಳು ಅಂತ ಗೊತ್ತಿರಲಿಲ್ಲ. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ಹೆಂಗಸಿಗೆ ನೀರಡಿಕೆ ಆಗಿರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯೋಕೆ ಬೇಕಾದ ಶಕ್ತಿ ಅವರಿಗೂ ನಾಲ್ಕನೇ ವಯಸ್ಸಲ್ಲೇ ಬಂದಿತ್ತು. ಅದನ್ನ ನಮ್ಮ ಕಡೆ ತಿರುಗಿಸೋ ಅಗತ್ಯ ಬರಲಿಲ್ಲ. ಮನಸ್ಸು ಓದೋದು ಕೂಡ ಒಂದು ದುಡಿಮೆ. ಹೊಲದ ದುಡಿಮೆಯ ಹಾಗೇ ಅದನ್ನೂ ನಮ್ಮ ಹೆಗಲಿಗೇ ಹಾಕಿದ್ರು, ಅದಕ್ಕೂ ಕೂಲಿ ಕೊಡಲಿಲ್ಲ.

ಮಗಳು ಸುಳ್ಳು ಹೇಳಿದ ರಾತ್ರಿ ನಾನು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ತೆಗೆದು ಕೂತೆ. ಅದರ ಮೊದಲನೇ ಪ್ರಸಂಗ ನಮಗೆಲ್ಲ ಗೊತ್ತಿರೋದೇ. 1901ನೇ ಇಸವಿ, ಭೀಮನಿಗೆ ಇನ್ನೂ ಒಂಬತ್ತು ಹತ್ತು ವರ್ಷ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ, ಹೊಸ ಬಟ್ಟೆ ಹಾಕ್ಕೊಂಡು, ಅಪ್ಪನನ್ನ ನೋಡೋಕೆ ರೈಲಿನಲ್ಲಿ ಹೊರಟಿದ್ದು. ಮಸೂರು ಸ್ಟೇಷನ್ನಿನಲ್ಲಿ ಇಳಿದ್ರು, ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರು ಪ್ರೀತಿಯಿಂದಲೇ ವಿಚಾರಿಸಿದ್ರು, ಯಾರು ಮಕ್ಕಳೇ ನೀವು ಅಂತ. ಬಟ್ಟೆ ನೋಡಿ ಮೇಲ್ಜಾತಿಯ ಮಕ್ಕಳು ಅಂದ್ಕೊಂಡಿದ್ರು. ಹುಡುಗ ಒಂದು ಕ್ಷಣವೂ ಯೋಚನೆ ಮಾಡದೆ ಮಹಾರರು ಅಂದುಬಿಟ್ಟ. ಮಾಸ್ತರರ ಮುಖ ಬದಲಾಯ್ತು.

ಇಷ್ಟು ನಾವು ಭಾಷಣದಲ್ಲಿ ಹೇಳ್ತೀವಿ. ಆಮೇಲಿನದನ್ನ ಅಷ್ಟಾಗಿ ಹೇಳಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನ ತಾವೇ ಹೊಡ್ಕೊಂಡು ಹೋದ ಆ ಮಕ್ಕಳು ರಾತ್ರಿ ಒಂದು ಸುಂಕದ ಕಟ್ಟೆ ಹತ್ರ ತಲುಪ್ತಾರೆ. ಊಟ ಇದೆ, ಕುಡಿಯೋಕೆ ನೀರಿಲ್ಲ. ಸುಂಕದವನು ಯಾರು ನೀವು ಅಂತ ಕೇಳ್ತಾನೆ. ಈ ಸಲ ಅದೇ ಹುಡುಗ, ನಾವು ಮುಸಲ್ಮಾನರು ಅಂತಾನೆ. ಅನುಮಾನ ಬರದ ಹಾಗೆ ಉರ್ದುವಿನಲ್ಲೇ ಮಾತಾಡ್ತಾನೆ. ನೀರು ಮಾತ್ರ ಸಿಗಲಿಲ್ಲ.

ಸಂಜೆಗೂ ರಾತ್ರಿಗೂ ನಡುವೆ ಆ ಹುಡುಗ ಕಲಿತದ್ದು ಏನು? ಸ್ಟೇಷನ್ನಿನಲ್ಲಿ ಅವನು ಪ್ರಶ್ನೆಗೆ ನಿಜ ಹೇಳಿದ್ದ. ಸುಂಕದ ಕಟ್ಟೆಯಲ್ಲಿ ಕೇಳುವವನ ಮನಸ್ಸಿಗೆ ಉತ್ತರ ಹೇಳಿದ. ನನ್ನ ಮಗಳು ಮೆಟ್ಟಿಲ ಮೇಲೆ ಮಾಡಿದ್ದೂ ಅದೇ. ಅವಳಿಗೆ ಐದೂವರೆ. ನೂರಕ್ಕೂ ಹೆಚ್ಚು ವರ್ಷ ಕಳೆದು, ಸಂವಿಧಾನದ 17ನೇ ವಿಧಿ ಬಂದು, ನಾವು ಇಂಗ್ಲಿಷ್ ಮೀಡಿಯಮ್ಮಿಗೆ ಫೀಸು ಕಟ್ಟಿ ಸಾಧಿಸಿದ್ದು ಇದಾ, ಅದೇ ಪಾಠವನ್ನ ಇನ್ನೂ ಚಿಕ್ಕ ವಯಸ್ಸಿಗೆ ಕಲಿಸಿದ್ದು ಅನ್ನಿಸಿತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ.

ಆ ಮನೆಗೆ ಸೇರೋ ಮುಂಚೆ ಓನರ್ ಕೇಳಿದ್ದು ಒಂದೇ ಪ್ರಶ್ನೆ, "ನೀವು ವೆಜ್ಜಾ?" ಅಂತ. ಹನ್ನೊಂದು ಮನೆ ನೋಡಿ ಸುಸ್ತಾಗಿದ್ದ ನಮ್ಮ ಮನೆಯವರು "ಹೂಂ" ಅಂದ್ರು. ನಾನು ಪಕ್ಕದಲ್ಲಿ ನಿಂತು ಸುಮ್ಮನಿದ್ದೆ. ಆ ಒಂದು ಹೂಂ ಕಾಪಾಡೋಕೆ ಎರಡು ವರ್ಷ ಏನೇನು ಮಾಡಿದ್ವಿ! ಒಗ್ಗರಣೆ ಹಾಕೋ ಮುಂಚೆ ಅಡುಗೆಮನೆ ಕಿಟಕಿ ಮುಚ್ಚೋದು. ಊದುಬತ್ತಿ ಹಚ್ಚೋದು. ಮೂಳೆಗಳನ್ನ ಎರಡು ಕವರಿನಲ್ಲಿ ಗಂಟು ಕಟ್ಟಿ, ರಾತ್ರಿ ಗಾಡಿಯಲ್ಲಿ ಒಯ್ದು ದೂರದ ಕಸದ ತೊಟ್ಟಿಗೆ ಹಾಕೋದು. ಹಾಲ್‌ನಲ್ಲಿ ಬುದ್ಧನ ಫೋಟೋ ಒಂದೇ ಇತ್ತು. ಬಾಬಾಸಾಹೇಬರು ಇದ್ದದ್ದು ಒಳಗೆ, ಬೆಡ್‌ರೂಮಿನ ಬೀರು ಪಕ್ಕ.

ಏಪ್ರಿಲ್ 14ಕ್ಕೆ ವೇದಿಕೆ ಹತ್ತಿ ಸ್ವಾಭಿಮಾನದ ಬಗ್ಗೆ ಗಂಟಲು ಹರಿಯೋ ಹಾಗೆ ಮಾತಾಡಿ, ಮನೆಗೆ ಬಂದು ಮೆಲ್ಲಗೆ ಕಿಟಕಿ ಮುಚ್ಚುತ್ತಿದ್ದವಳು ನಾನು. ಮಗಳಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ಮೇಲೆ ಬರೆದೆ. ಬಾಯಿಂದ ಹೇಳಿಕೊಟ್ಟಿಲ್ಲ, ಅಷ್ಟೇ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಗಳನ್ನೇ ಹೆಚ್ಚು ನೋಡ್ತಾರೆ.

ಮಾರನೇ ದಿನ ಮಲಗಿಸೋವಾಗ ಕೇಳಿದೆ.

"ಪುಟ್ಟಿ, ಆಂಟಿ ನಮ್ಮ ಬಗ್ಗೆ ಏನಂದ್ಕೊಂಡಿದ್ದಾರೆ?"

"ನಾವು ಬಾಡು ತಿನ್ನಲ್ಲ ಅಂತ."

"ನಿಜ ಏನು?"

"ತಿಂತೀವಿ."

"ತಿಂದ್ರೆ ತಪ್ಪಾ?"

ಮಗು ಸುಮಾರು ಹೊತ್ತು ಫ್ಯಾನ್ ನೋಡ್ತಾ ಮಲಗಿತ್ತು. ಆಮೇಲೆ ಹೇಳಿತು: "ಗೊತ್ತಿಲ್ಲ. ತಪ್ಪಲ್ಲ ಅಂದ್ರೆ ನೀನ್ಯಾಕೆ ಕಿಟಕಿ ಮುಚ್ತೀಯಾ?"

ಗೊಂಬೆಯಾಟದ ಒಂದು ಭಾಗವನ್ನ ನಾನು ಆಗ ಮೇಲೆ ಹೇಳಲಿಲ್ಲ, ಈಗ ಹೇಳ್ತೀನಿ. ಆ ಪರೀಕ್ಷೆಯಲ್ಲಿ ಕೇಳೋದು ಒಂದು ಪ್ರಶ್ನೆ ಅಲ್ಲ, ಮೂರು. ಸ್ಯಾಲಿ ಎಲ್ಲಿ ಹುಡುಕ್ತಾಳೆ? ಗೋಲಿ ನಿಜವಾಗಿ ಎಲ್ಲಿದೆ? ಮೊದಲು ಎಲ್ಲಿತ್ತು? ನಂಬಿಕೆಯ ಪ್ರಶ್ನೆ, ನಿಜದ ಪ್ರಶ್ನೆ, ನೆನಪಿನ ಪ್ರಶ್ನೆ. ಎಲ್ಲರಿಗೂ ನೆನಪಿರೋದು ಮೊದಲನೇದು ಮಾತ್ರ. ಆದ್ರೆ ಉಳಿದ ಎರಡೂ ಸರಿ ಇದ್ರೇನೇ ಮಗು ಪಾಸು. ಇನ್ನೊಬ್ಬರ ತಲೆಯಲ್ಲಿ ಏನಿದೆ ಅಂತ ಹೇಳುವಾಗಲೂ ನಿಜ ಎಲ್ಲಿದೆ ಅನ್ನೋದು ಕೈಯಿಂದ ಜಾರಬಾರದು.

ಗೋಲಿಯ ವಿಷಯದಲ್ಲಿ ಅದು ಸುಲಭ. ಗೋಲಿಯ ಜಾಗದಲ್ಲಿ ನೀನೇ ಇದ್ರೆ?

ಅಮೆರಿಕದಲ್ಲಿ ಇನ್ನೊಂದು ಗೊಂಬೆ ಪರೀಕ್ಷೆ ನಡೆದಿತ್ತು, ಇದಕ್ಕೂ ನಲವತ್ತು ವರ್ಷ ಹಿಂದೆ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್, ಗಂಡ ಹೆಂಡತಿ, ಇಬ್ಬರೂ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞರು. ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಕೇಳಿದ್ರು. ಚೆಂದದ ಗೊಂಬೆ ಯಾವುದು? ಕೆಟ್ಟದಾಗಿ ಕಾಣೋದು ಯಾವುದು? ಹೆಚ್ಚಿನ ಮಕ್ಕಳು ಬಿಳಿಯದನ್ನ ಚೆಂದ ಅಂದ್ರು, ಕಂದು ಕೆಟ್ಟದು ಅಂದ್ರು. ಕೊನೆಗೆ "ನಿನ್ನ ಥರ ಇರೋದು ಯಾವುದು?" ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ರು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನ ಬೇರೆ ಕೂರಿಸೋದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಕೆಲಸವನ್ನೂ ಉಲ್ಲೇಖಿಸಿತು. ಆ ಮಕ್ಕಳಿಗೆ ಬಿಳಿಯರ ಮನಸ್ಸು ಅರ್ಥವಾಗಿರಲಿಲ್ಲ ಅಂತಲ್ಲ. ಅರ್ಥವಾಗಿ ಆಗಿ, ಅದೇ ತಮ್ಮ ಮನಸ್ಸೂ ಆಗಿಹೋಗಿತ್ತು.

ನಮ್ಮ ದೇಶದ್ದೇ ಬೇಕಾ? ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಮಾಡಿದ ಪ್ರಯೋಗ ಇದೆ. 2004ರಲ್ಲಿ ಅದರ ವರದಿ ಬಂತು. ಆರು, ಏಳನೇ ಕ್ಲಾಸಿನ ಹುಡುಗರು, ಮೇಲ್ಜಾತಿಯವರು 321, ಕೆಳಜಾತಿ ಅನ್ನಿಸಿಕೊಂಡವರು 321. ಕಾಗದದ ಮೇಲಿನ ಚಕ್ರವ್ಯೂಹದಲ್ಲಿ ಪೆನ್ಸಿಲಿನಿಂದ ದಾರಿ ಹುಡುಕೋ ಆಟ, ಬಿಡಿಸಿದಷ್ಟಕ್ಕೆ ದುಡ್ಡು. ಜಾತಿ ಹೇಳದೆ ಆಡಿಸಿದಾಗ ಎರಡೂ ಕಡೆಯ ಹುಡುಗರು ಸರಿಸಮ. ಗುಂಪಿನ ಎದುರಿಗೆ ಅಪ್ಪ, ತಾತನ ಹೆಸರಿನ ಜೊತೆ ಜಾತಿಯನ್ನೂ ಓದಿ ಆಡಿಸಿದಾಗ ಕೆಳಜಾತಿಯ ಹುಡುಗರು ಬಿಡಿಸಿದ್ದು ಕಮ್ಮಿ ಆಯ್ತು. ಅವೇ ಕೈ, ಅದೇ ಪೆನ್ಸಿಲು. ಕೋಣೆಯಲ್ಲಿದ್ದವರ ಮನಸ್ಸಲ್ಲಿ ತಾನು ಏನು ಅಂತ ಗೊತ್ತಾದ ತಕ್ಷಣ ಕೈ ನಿಧಾನ ಆಯ್ತು.

ಜಾತಿ ಇರೋದು ಮನಸ್ಸಿನೊಳಗೆ, ಹಾಗಾಗಿ ಅದನ್ನ ಕೆಡವೋದು ಗೋಡೆ ಕೆಡವಿದಷ್ಟು ಸಲೀಸಲ್ಲ ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ನನಗೆ ಈಗ ಬೇರೆ ಥರ ಅರ್ಥ ಆಗುತ್ತೆ. 1927ರಲ್ಲಿ ಮಹಾಡ್ ಕೆರೆಯ ನೀರು ಕುಡಿದದ್ದು ನಿಜದ ಪ್ರಶ್ನೆಗೆ ಉತ್ತರ. ಮುಟ್ಟಿದ್ರೆ ನೀರು ಕೆಡುತ್ತೆ ಅನ್ನೋದು ನಿಮ್ಮ ತಲೆಯಲ್ಲಿದೆ, ನೀರಿನಲ್ಲಿ ಇಲ್ಲ, ನೋಡಿ ಅಂತ. 1946ರಲ್ಲಿ ಶೂದ್ರರು ಯಾರು, 1948ರಲ್ಲಿ ಅಸ್ಪೃಶ್ಯರು ಯಾರು ಅಂತ ಅಷ್ಟು ದೊಡ್ಡ ಪುಸ್ತಕಗಳನ್ನ ಕೂತು ಬರೆದದ್ದು ನೆನಪಿನ ಪ್ರಶ್ನೆಗೆ. ಗೋಲಿ ಮೊದಲು ಎಲ್ಲಿತ್ತು, ಅಲ್ಲಿಂದ ಎತ್ತಿದವರು ಯಾರು? ನಮ್ಮವ್ವಂದಿರು ನಮ್ಮನ್ನ ಬದುಕಿಸೋಕೆ ಮೊದಲನೇ ಪ್ರಶ್ನೆಗೆ ಉತ್ತರ ಕಲಿಸಿದ್ರು. ಉಳಿದೆರಡನ್ನ ಕಲಿಸಿದ್ದು ಬಾಬಾಸಾಹೇಬರು. ನಾನು ನನ್ನ ಮಗಳಿಗೆ ಅವ್ವನ ಪಾಠ ಮಾತ್ರ ದಾಟಿಸಿದ್ದೆ.

ಮುಂದಿನ ಭಾನುವಾರ ಕಿಟಕಿ ತೆಗೆದೆ. ಕ್ರಾಂತಿ ಗೀಂತಿ ಏನಿಲ್ಲ, ಕೈ ನಡುಗ್ತಿತ್ತು. ಬಾಬಾಸಾಹೇಬರ ಫೋಟೋವನ್ನ ಹಾಲ್‌ಗೆ ತಂದು ಹಾಕಿದ್ವಿ, ಮಗಳು ಮೊಳೆ ಹಿಡ್ಕೊಂಡು ನಿಂತಿದ್ದಳು. ಬಾಡಿಗೆ ಇಸ್ಕೊಳ್ಳೋಕೆ ಬಂದ ಆಂಟಿ ಫೋಟೋ ನೋಡಿದ್ರು, ಅಡುಗೆಮನೆ ಕಡೆ ನೋಡಿದ್ರು, "ಓ" ಅಂದ್ರು. ಮೂರು ದಿನ ಬಿಟ್ಟು ಫೋನ್ ಬಂತು. "ಬೇಜಾರು ಮಾಡ್ಕೋಬೇಡಿ, ನಮ್ಮಣ್ಣನ ಮಗ ಫ್ಯಾಮಿಲಿ ಸಮೇತ ಬರ್ತಿದ್ದಾನೆ, ಮನೆ ಬೇಕಾಗಿತ್ತು." ಅವರು ಕೆಟ್ಟವರು ಅಂತ ನಾನು ಹೇಳಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿ ಎದ್ದು ಕಷಾಯ ಮಾಡಿಕೊಟ್ಟಿದ್ದಾರೆ. ಆ ಕಷಾಯ ಕೊಟ್ಟಿದ್ದು ಯಾವ ಮಗುವಿಗೆ ಅಂತ ಗೊತ್ತಾದ ದಿನ ಅವರಿಗೇ ಗೊತ್ತಾಗಲಿಲ್ಲ, ತಮ್ಮ ಮನಸ್ಸಲ್ಲಿ ಏನು ಬದಲಾಯ್ತು ಅಂತ.

ಮನೆ ಬಿಟ್ಟ ಎರಡು ವಾರಕ್ಕೆ ಗ್ಯಾಸ್ ಬುಕ್ಕು ತರೋಕೆ ಅಂತ ಆ ಬೀದಿಗೆ ಹೋಗಿದ್ವಿ. ಗೇಟಿಗೆ ಬೋರ್ಡು ನೇತಾಡ್ತಿತ್ತು. ಮಗಳು ಈಗ ಕನ್ನಡ ಅಕ್ಷರ ಕೂಡಿಸಿ ಓದ್ತಾಳೆ. ಗಾಡಿ ಮೇಲೆ ಕೂತ್ಕೊಂಡೇ ಓದಿದಳು: "ಮ...ನೆ... ಬಾ...ಡಿ...ಗೆ... ಇ...ದೆ." ತಿರುಗಿ ನನ್ನ ಮುಖ ನೋಡಿದಳು.

"ಅಮ್ಮಾ, ಅವರ ಅಣ್ಣನ ಮಗ ಬರಲಿಲ್ವಾ?"

"ಇಲ್ಲ ಅನ್ಸುತ್ತೆ ಕಣೋ."

"ಆಂಟಿನೂ ಸುಳ್ಳು ಹೇಳಿದ್ರಾ?"

"ಹೂಂ."

"ನಾನು ಹೇಳಿದ ಹಾಗೇನಾ?"

ಇದಕ್ಕೆ ಏನು ಹೇಳ್ತೀರಿ? ನಾನು ಗಾಡಿ ನಿಲ್ಲಿಸಿ ಹೇಳಿದೆ: "ಇಲ್ಲ ಮಗಳೇ. ನೀನು ಹೆದರಿಕೆಗೆ ಹೇಳಿದ್ದು, ನಮ್ಮನ್ನ ಮನೇಲಿ ಉಳಿಸೋಕೆ. ಅವರು ಹೇಳಿದ್ದು ನಮ್ಮನ್ನ ಹೊರಗೆ ಕಳಿಸೋಕೆ. ಎರಡೂ ಸುಳ್ಳೇ. ಆದ್ರೆ ಎರಡೂ ಒಂದೇ ಅಲ್ಲ." ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮಾತು ಬಂತು, "ಬಾಡಿಗೆ ಮನೆ ಇದೆ ಅಂತ ಬೋರ್ಡ್ ಹಾಕಿ, ಬಾಡಿಗೇ ಮನೆ ಇಲ್ಲ ಅಂತಾರೆ." ಅವಳಪ್ಪನ ನಾಲಿಗೆ ಬಂದಿದೆ. ಅಳೋದಾ ನಗೋದಾ ಗೊತ್ತಾಗದೆ ನಕ್ಕೆ.

ಸವರ್ಣ ಗೆಳೆಯರಿಗೆ ಒಂದು ಮಾತು. ನಿಮ್ಮ ಮಕ್ಕಳಿಗೆ ಎಲ್ಲರನ್ನೂ ಸಮಾನವಾಗಿ ನೋಡು ಅಂತ ಹೇಳಿಕೊಡ್ತೀರಿ, ಸಂತೋಷ. ಅದರ ಜೊತೆಗೆ ಇದನ್ನೂ ಕೇಳಿ: ನಿನ್ನ ಪಕ್ಕ ಕೂರೋ ಹುಡುಗಿ ಡಬ್ಬಿ ಮುಚ್ಚಳ ಅರ್ಧ ಮಾತ್ರ ತೆಗೆದು ಯಾಕೆ ಊಟ ಮಾಡ್ತಾಳೆ? ನಮ್ಮನೆ 'ಕೆಲಸದ ಅಜ್ಜಿ'ಯ ಹೆಸರೇನು? ನಮ್ಮ ಮಕ್ಕಳು ನಿಮ್ಮ ಮನಸ್ಸು ಓದೋಕೆ ಖರ್ಚು ಮಾಡೋ ವಯಸ್ಸಿನಲ್ಲಿ ಕಾಲು ಭಾಗವನ್ನ ನಿಮ್ಮ ಮಕ್ಕಳೂ ನಮ್ಮ ಮನಸ್ಸು ಓದೋಕೆ ಕೊಟ್ರೆ, ನಮ್ಮ ಮಕ್ಕಳಿಗೆ ಆಟಕ್ಕೆ ಒಂದಿಷ್ಟು ಟೈಮು ಸಿಗುತ್ತೆ.

ನಮ್ಮವರಿಗೆ ಒಂದು ಮಾತು. ಕಿಟಕಿ ಮುಚ್ಚೋರನ್ನ ನಾನು ಬೈಯಲ್ಲ. ಮನೆ ಸಿಗದೆ ಅಲೆದವರಿಗೇ ಗೊತ್ತು ಆ ಸಂಕಟ. ಮುಚ್ಚಲೇಬೇಕಾಗಿ ಬಂದ್ರೆ ಮುಚ್ಚಿ. ಆದ್ರೆ ಮುಚ್ಚಿದ ಮೇಲೆ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಹೇಳಿ, ಕಿಟಕಿ ಮುಚ್ಚಿದ್ದು ಅವರ ತಲೆಯಲ್ಲಿರೋ ತಪ್ಪಿಗೆ, ನಮ್ಮ ತಟ್ಟೆಯಲ್ಲಿರೋ ತಪ್ಪಿಗಲ್ಲ ಅಂತ. ಈ ಒಂದು ಮಾತನ್ನ ನಾನು ಎರಡು ವರ್ಷ ಹೇಳದೆ ಉಳಿಸಿಕೊಂಡೆ, ಮಗು ತನ್ನಷ್ಟಕ್ಕೆ ತಾನೇ ಬೇರೆ ಅರ್ಥ ಮಾಡ್ಕೊಂಡಿತು.

ಈಗ ಬೇರೆ ಬಡಾವಣೆಯಲ್ಲಿ ಇದ್ದೀವಿ. ಬಾಡಿಗೆ ಎರಡು ಸಾವಿರ ಜಾಸ್ತಿ, ನೀರು ದಿನ ಬಿಟ್ಟು ದಿನ. ಮೊನ್ನೆ ಭಾನುವಾರ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ಮಗಳನ್ನ ಮಾತಾಡಿಸ್ತಿದ್ರು. ಏನಡುಗೆ ಅಂತ ಕೇಳಿರಬೇಕು. ನಾನು ಸೌಟು ಕೆಳಗಿಟ್ಟು ಕಿವಿ ಕೊಟ್ಟೆ.

"ಬಾಡೆಸರು ಆಂಟಿ. ನಿಮ್ಮನೇಲಿ?"

ಕಿಟಕಿಯಿಂದ ನೋಡಿದೆ. ಹೇಳಿ ಮುಗಿಸಿದವಳು ಓಡಿ ಹೋಗಲಿಲ್ಲ. ಕಾಂಪೌಂಡಿಗೆ ಕೈಯೂರಿ ನಿಂತು, ಆ ಆಂಟಿಯ ಮುಖವನ್ನೇ ನೋಡ್ತಿದ್ದಳು.

ಜೈ ಭೀಮ್.